ನೆಪಕ್ಕೂ ಒಂದು ವಿಳಾಸ



ನಮ್ಮ ಅಜ್ಜಿ ಒಂದು ಒನಕೆಯನ್ನು ನೆಟ್ಟಗೆ ನಿಲ್ಲಿಸಿದ ಕತೆಯಿಂದ ಶುರು ಮಾಡುತ್ತೇನೆ. ವಿಜ್ಞಾನದ ತತ್ತ್ವಶಾಸ್ತ್ರ ಅಂತ ಆಕಾಶವಾಣಿಯವರು ವಿಷಯ ಕೊಟ್ಟಾಗ ನನಗೆ ಮೊದಲು ನೆನಪಾದದ್ದು ಅದೇ.

1980ರ ಫೆಬ್ರವರಿ 16, ಶನಿವಾರ. ಅಂದು ಖಗ್ರಾಸ ಸೂರ್ಯಗ್ರಹಣ. ಚಂದ್ರನ ನೆರಳು ಅಂಕೋಲೆಯ ಹತ್ತಿರ ಕಡಲಿನಿಂದ ನೆಲಕ್ಕೇರಿ, ಹುಬ್ಬಳ್ಳಿಯ ಸೀಮೆ ಹಾಯ್ದು, ರಾಯಚೂರು ದಾಟಿ ಪೂರ್ವ ಕರಾವಳಿಯ ಕಡೆ ಓಡಿತು. ಸಿಂಧನೂರು ತಾಲ್ಲೂಕಿನ ಜವಳಗೇರಾದಲ್ಲಿ ವಿಜ್ಞಾನಿಗಳು ದೂರದರ್ಶಕ ಹೂಡಿಕೊಂಡು ಕೂತಿದ್ದರು. ಹುಬ್ಬಳ್ಳಿ ಸೀಮೆಯ ನಮ್ಮ ಓಣಿಯಲ್ಲಿ ಮಧ್ಯಾಹ್ನಕ್ಕೆಲ್ಲ ಮನೆಮನೆಯ ಕದ ಹಾಕಿತ್ತು. ನೀರಿನ ಕೊಡಗಳಲ್ಲಿ ದರ್ಭೆ. ಬಸುರಿಯಾಗಿದ್ದ ನಮ್ಮ ಕಾಕುವನ್ನು (ಚಿಕ್ಕಮ್ಮನನ್ನು), ಕೂಸಿಗೆ ಊನವಾದೀತೆಂದು, ಒಳಕೋಣೆಯಲ್ಲಿ ಕೂಡಿಸಿ, ಬೆಳಕಿಂಡಿಗೆ ಗೋಣಿತಟ್ಟು ಬಿಗಿದಿದ್ದರು. ಅಜ್ಜ ಒಬ್ಬ ಮಾತ್ರ ಹಿತ್ತಲಲ್ಲಿ ಬೋಗುಣಿಗೆ ಸಗಣಿನೀರು ಕದಡಿಟ್ಟುಕೊಂಡು, ಅದರಲ್ಲಿ ಸೂರ್ಯನ ಬಿಂಬ ನೋಡುತ್ತ, ಒಂದು ಕಣ್ಣು ತನ್ನ ಎಚ್‌ಎಂಟಿ ಗಡಿಯಾರದ ಮೇಲಿಟ್ಟಿದ್ದ. ಪಂಚಾಂಗದಲ್ಲಿ ಸ್ಪರ್ಶಕಾಲ, ಮಧ್ಯಕಾಲ, ಮೋಕ್ಷಕಾಲ ಮೂರನ್ನೂ ಗಂಟೆ ನಿಮಿಷಗಳಲ್ಲಿ ಕೊಟ್ಟಿದ್ದರು. ಅಜ್ಜ ಕಿರಾಣಿ ಅಂಗಡಿಯವ. ತಕ್ಕಡಿಯಲ್ಲಿ ಕಂಡಿದ್ದನ್ನಷ್ಟೇ ನಂಬುವವ.

ಒಳಗೆ ಅಜ್ಜಿ ಹಿತ್ತಾಳೆ ಪರಾತದಲ್ಲಿ ನೀರು ಹಾಕಿ, ಅದರ ನಡುವೆ ಒನಕೆ ನಿಲ್ಲಿಸಿದಳು. ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಗ್ರಹಣ ಹಿಡಿದಾಗ ಒನಕೆ ತಾನಾಗಿ ನಿಲ್ಲುತ್ತದೆ, ಬಿಟ್ಟಾಗ ತಾನಾಗಿ ಬೀಳುತ್ತದೆ ಎಂದು ನಂಬಿಕೆ. ಒನಕೆ ನಿಂತಿತು. ಎರಡು ಚಿಲ್ಲರೆ ನಿಮಿಷ ಊರಿಗೆ ಊರೇ ಕತ್ತಲಾಯಿತು, ಹಕ್ಕಿಗಳು ಗೂಡಿಗೆ ತಿರುಗಿ ಮತ್ತೆ ಗಾಬರಿಯಿಂದ ಹೊರಬಂದವು. ಆಮೇಲೆ ಗ್ರಹಣ ಬಿಟ್ಟಿತು. ಒನಕೆ ಬೀಳಲಿಲ್ಲ. ಅಜ್ಜಿಯೇ ಸ್ನಾನಕ್ಕೆ ಹೋಗುವಾಗ ಅದನ್ನು ತೆಗೆದಿಟ್ಟಳು.

ನಾನಾಗ ಆರನೇ ಇಯತ್ತೆ. ಮೂರು ದಿನ ತಡೆದು, ಮಂಗಳವಾರ ಅಡುಗೆಮನೆಯಲ್ಲಿ ಯಾರೂ ಇಲ್ಲದಾಗ ಅದೇ ಪರಾತ, ಅದೇ ನೀರು, ಅದೇ ಒನಕೆ. ನಾಲ್ಕೈದು ಸಲ ಕೈಯಾಡಿಸಿದ ಮೇಲೆ ನಿಂತಿತು. ಒನಕೆಯ ಬುಡಕ್ಕೆ ಕಬ್ಬಿಣದ ಬಳೆ ಇರುತ್ತದಲ್ಲ, ಅದರ ಅಂಚು ಸಪಾಟಾಗಿದ್ದರೆ ಸಾಕು, ತಾಳ್ಮೆ ಇದ್ದವರ ಕೈಯಲ್ಲಿ ಯಾವತ್ತೂ ನಿಲ್ಲುತ್ತದೆ. ಅಜ್ಜಿಯನ್ನು ಕರೆದು ತೋರಿಸಿದೆ. ಆಕೆ ಒಂದು ಗಳಿಗೆ ನೋಡಿ ಹೇಳಿದಳು:

“ಗ್ರಹಣದ ಕಸುವು ಇನ್ನೂ ಹೋಗಿಲ್ಲ ಅದಕ್ಕ.”

ಒಂದು ತಿಂಗಳು ಬಿಟ್ಟು ಮತ್ತೆ ನಿಲ್ಲಿಸಿದೆ. ಆಗ ಅಂದಳು: “ಒಮ್ಮೆ ಕಲತ ಒನಕಿ, ಮರೀತದೇನು?”

ನಾನು ಸೋತೆ. ಆ ಸೋಲು ನನ್ನನ್ನು ಬಹಳ ವರ್ಷ ಕಾಡಿತು. ನನ್ನ ಹತ್ತಿರ ಸಾಕ್ಷಿ ಇತ್ತು, ಅಜ್ಜಿಯ ಹತ್ತಿರ ಉತ್ತರ ಇತ್ತು. ಮುಂದೆ ಕಾಲೇಜಿನಲ್ಲಿ ಒಂದು ಹೆಸರು ಕೇಳಿದಾಗ ಆ ಸೋಲಿಗೂ ಒಂದು ಶಾಸ್ತ್ರವಿದೆ ಅಂತ ತಿಳಿಯಿತು. ಹೆಸರು ಕಾರ್ಲ್ ಪಾಪ್ಪರ್. ನಮ್ಮ ಕಡೆ ‘ಪಾಪರ್ ಆದ’ ಎಂದರೆ ದಿವಾಳಿ ಎದ್ದ ಎಂದರ್ಥ. ಮೇಷ್ಟ್ರು ಆ ಹೆಸರು ಹೇಳಿದಾಗ ಇಡೀ ತರಗತಿ ನಕ್ಕಿತ್ತು. ಈಗ ಯೋಚಿಸಿದರೆ ಆ ಶ್ಲೇಷೆ ಅಷ್ಟೇನೂ ಅಡ್ಡದಾರಿಯದಲ್ಲ. ದಿವಾಳಿ ಏಳಬಹುದು ಎಂಬ ಭಯ ಹೊತ್ತೇ ಅಂಗಡಿ ತೆರೆದ ಸಿದ್ಧಾಂತ ಮಾತ್ರ ವಿಜ್ಞಾನ ಎಂದು ಆತ ವಾದಿಸಿದ್ದು.

ಪಾಪ್ಪರ್ ಹುಟ್ಟಿದ್ದು 1902ರಲ್ಲಿ, ವಿಯೆನ್ನಾದಲ್ಲಿ. ಮೊದಲ ಮಹಾಯುದ್ಧ ಮುಗಿದು ಸಾಮ್ರಾಜ್ಯ ಕುಸಿದಿದ್ದ ಆ ಊರಿನಲ್ಲಿ ಹರೆಯದವರ ಬಾಯಲ್ಲಿ ಮೂರು ನಾಲ್ಕು ಸಿದ್ಧಾಂತಗಳು ಓಡಾಡುತ್ತಿದ್ದವು. ಮಾರ್ಕ್ಸನ ಇತಿಹಾಸ ಸಿದ್ಧಾಂತ, ಫ್ರಾಯ್ಡನ ಮನೋವಿಶ್ಲೇಷಣೆ, ಆಲ್ಫ್ರೆಡ್ ಆಡ್ಲರನ ಕೀಳರಿಮೆಯ ಸಿದ್ಧಾಂತ, ಐನ್‌ಸ್ಟೈನನ ಸಾಪೇಕ್ಷತೆ. ಹುಡುಗ ಪಾಪ್ಪರ್ ಆಡ್ಲರ್ ನಡೆಸುತ್ತಿದ್ದ ಮಕ್ಕಳ ಸಲಹಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ. 1919ರಲ್ಲಿ ಒಮ್ಮೆ ಅವನು ಒಂದು ಮಗುವಿನ ವಿಷಯ ಆಡ್ಲರ್‌ಗೆ ಹೇಳಿದ. ಇದು ಕೀಳರಿಮೆಗೆ ಹೊಂದುವ ಪ್ರಕರಣವಲ್ಲ ಎಂದು ಅವನಿಗೆ ಅನ್ನಿಸಿತ್ತು. ಆಡ್ಲರ್ ಮಗುವನ್ನು ನೋಡದೆಯೇ ಅದನ್ನು ಕೀಳರಿಮೆಯಿಂದಲೇ ಸಲೀಸಾಗಿ ವಿವರಿಸಿಬಿಟ್ಟರು. ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಎಂದು ಕೇಳಿದರೆ, ಇಂಥ ಸಾವಿರ ಪ್ರಕರಣಗಳ ಅನುಭವದಿಂದ ಎಂದರಂತೆ. ಹಾಗಾದರೆ ಈಗ ನಿಮ್ಮ ಅನುಭವ ಸಾವಿರದ ಒಂದಾಯಿತು ಎಂದು ಪಾಪ್ಪರ್ ಅಂದದ್ದನ್ನು ಆತ ಎಷ್ಟೋ ವರ್ಷಗಳ ನಂತರ ಬರೆದುಕೊಂಡ. ಹಿಂದಿನ ಸಾವಿರವೂ ಇದೇ ರೀತಿ ಲೆಕ್ಕಕ್ಕೆ ಸೇರಿದ್ದಿರಬೇಕು ಎಂಬ ಕುಟುಕು ಅದರಲ್ಲಿದೆ. ನಮ್ಮ ಅಜ್ಜಿಯ ಒನಕೆಯೂ ಹಾಗೆಯೇ, ನಿಂತಷ್ಟು ಸಲವೂ ನಿಜವಾಗುತ್ತಿತ್ತು.

ಅದೇ 1919ರ ಮೇ 29ರಂದು ಇನ್ನೊಂದು ಖಗ್ರಾಸ ಗ್ರಹಣ. ಸೂರ್ಯನ ಪಕ್ಕದಲ್ಲಿ ಹಾದುಬರುವ ನಕ್ಷತ್ರದ ಬೆಳಕು ಎಷ್ಟು ಬಾಗಬೇಕು ಎಂಬುದಕ್ಕೆ ಐನ್‌ಸ್ಟೈನ್ ಮೊದಲೇ ಒಂದು ಅಂಕಿ ಕೊಟ್ಟು ಕೂತಿದ್ದರು: 1.75 ಆರ್ಕ್‌ಸೆಕೆಂಡು. ನ್ಯೂಟನ್ನನ ಲೆಕ್ಕ ಹಿಡಿದರೆ ಬರುವುದು ಅದರ ಅರ್ಧ, 0.87. ಆ 1.75 ಎಷ್ಟು ಸಣ್ಣ ಕೋನವೆಂದರೆ, ಒಂದು ರೂಪಾಯಿ ನಾಣ್ಯವನ್ನು ಎರಡು ಮೂರು ಕಿಲೋಮೀಟರ್ ದೂರ ಇಟ್ಟು ನೋಡಿದರೆ ಅದರ ಅಗಲ ಎಷ್ಟು ಕಂಡೀತೋ ಅಷ್ಟು. ಇದನ್ನು ಗ್ರಹಣದ ಕತ್ತಲಲ್ಲಿ ಅಳೆಯಲು ಆಫ್ರಿಕಾದ ಪಶ್ಚಿಮಕ್ಕಿರುವ ಪ್ರಿನ್ಸಿಪೆ ದ್ವೀಪಕ್ಕೆ ಖಗೋಳಜ್ಞ ಎಡಿಂಗ್ಟನ್ ಹೋದರು, ಬ್ರೆಜಿಲಿನ ಸೊಬ್ರಾಲಿಗೆ ಇನ್ನೊಂದು ತಂಡ ಹೋಯಿತು. ನವೆಂಬರ್ 6ರಂದು ಲಂಡನ್ನಿನಲ್ಲಿ ಫಲಿತಾಂಶ ಹೇಳಿದಾಗ ಗೆದ್ದದ್ದು ಐನ್‌ಸ್ಟೈನ್. ಹದಿನೇಳರ ಪಾಪ್ಪರನನ್ನು ಹಿಡಿದು ನಿಲ್ಲಿಸಿದ್ದು ಗೆಲುವಿನ ಸುದ್ದಿಗಿಂತ ಹೆಚ್ಚಾಗಿ ಸೋಲಿಗೆ ಬಿಟ್ಟಿದ್ದ ಜಾಗ. ಬಾಗುವಿಕೆ ಕಾಣದೇ ಹೋಗಿದ್ದರೆ ಆ ಸಿದ್ಧಾಂತ ಅಲ್ಲಿಗೆ ಮುಗಿಯುತ್ತಿತ್ತು. ಆಡ್ಲರನ ಸಿದ್ಧಾಂತಕ್ಕೆ ಅಂಥ ಒಂದು ಗ್ರಹಣದ ದಿನವೇ ಇರಲಿಲ್ಲ.

ಇದನ್ನು ಪಾಪ್ಪರ್ ಪುಸ್ತಕವಾಗಿ ಜರ್ಮನ್ ಭಾಷೆಯಲ್ಲಿ ಹೊರತಂದದ್ದು 1934ರಲ್ಲಿ. ಇಂಗ್ಲಿಷಿಗೆ ಬರಲು 1959 ಆಯಿತು. ಆತನ ಆ ಕಲ್ಪನೆಗೆ ಖಂಡನಾರ್ಹತೆ, ಮಿಥ್ಯಾರ್ಹತೆ ಎಂದು ಕನ್ನಡದಲ್ಲಿ ತೂಕದ ಶಬ್ದ ಕಟ್ಟಬಹುದು. ಬಾನುಲಿಯಲ್ಲಿ ಅವು ಕಿವಿಗೆ ಕಲ್ಲಾಗುತ್ತವೆ. ‘ಸುಳ್ಳಾಗಬಲ್ಲ ಮಾತು’ ಎಂದುಕೊಳ್ಳೋಣ. ಈಗ ಸುಳ್ಳಾಗಿರುವ ಮಾತು ಎಂದಲ್ಲ ಮತ್ತೆ. ಏನು ಕಂಡರೆ ತಾನು ಸುಳ್ಳು ಎಂದು ಮೊದಲೇ ಒಪ್ಪಿಕೊಂಡು ಹೊರಟ ಮಾತು.

ಅಜ್ಜನ ಪಂಚಾಂಗಕ್ಕೆ ವಾಪಸ್ ಬರುತ್ತೇನೆ. ಒಂದೇ ಮೊಳೆಗೆ ನೇತುಬಿದ್ದ ಒಂದೇ ಪುಸ್ತಕದಲ್ಲಿ ಎರಡು ಜಾತಿಯ ವಾಕ್ಯಗಳಿದ್ದವು. ಒಂದು ಪುಟದಲ್ಲಿ ಗ್ರಹಣ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಹಿಡಿಯುತ್ತದೆ ಎಂದು. ಹತ್ತು ನಿಮಿಷ ತಪ್ಪಿದರೂ ಸಗಣಿನೀರಿನ ಬೋಗುಣಿಯ ಮುಂದೆ ಕೂತ ಕಿರಾಣಿ ಅಂಗಡಿಯವನಿಗೆ ಗೊತ್ತಾಗಿಬಿಡುತ್ತದೆ. ಇನ್ನೊಂದು ಪುಟದಲ್ಲಿ ಆ ಗ್ರಹಣ ಯಾವ ರಾಶಿಗೆ ಶುಭ, ಯಾವುದಕ್ಕೆ ಅಶುಭ, ಯಾವುದಕ್ಕೆ ಮಿಶ್ರಫಲ ಎಂದು. ‘ಮಿಶ್ರಫಲ’ ಎಂಬ ಪದ ಕಂಡುಹಿಡಿದವರಿಗೆ ನಾನು ದೂರದಿಂದಲೇ ಕೈಮುಗಿಯುತ್ತೇನೆ. ಅದನ್ನು ಸೋಲಿಸುವ ದಿನ ಯಾರ ಬಾಳಿನಲ್ಲೂ ಬರುವುದಿಲ್ಲ. ಅಜ್ಜನಿಗೆ ಇದು ಗೊತ್ತಿತ್ತು. ಎರಡನ್ನೂ ಒಂದೇ ಪುಸ್ತಕದಲ್ಲಿ ಯಾಕೆ ಹಾಕಿದ್ದಾರೆ ಎಂದು ಕೇಳಿದ್ದಕ್ಕೆ ಹೇಳಿದ್ದ: “ಗ್ರಹಣ ಹಿಡಿಯೂದು ಲೆಕ್ಕ, ಫಲ ಹೇಳೂದು ಶಾಸ್ತ್ರ. ಲೆಕ್ಕ ತಪ್ಪಿದ್ರ ಬರದವನ್ನ ಬೈತಾರ. ಶಾಸ್ತ್ರ ತಪ್ಪಿದ್ರ ನಮ್ಮ ಕರ್ಮ ಅಂತಾರ.”

ಪಾಪ್ಪರನ ನಾನೂರು ಐನೂರು ಪುಟಗಳನ್ನು ಆಮೇಲೆ ಓದಿದಾಗ ಅಜ್ಜ ಎರಡು ಸಾಲಿನಲ್ಲಿ ಮುಗಿಸಿದ್ದು ನೆನಪಾಗಿ ಸ್ವಲ್ಪ ಹೆಮ್ಮೆಯೇ ಆಯಿತು.

ಬೈಸಿಕೊಂಡ ಲೆಕ್ಕ ಸುಮ್ಮನಿರಲಿಲ್ಲ ಎಂಬುದನ್ನೂ ಹೇಳಬೇಕು. ಪಂಚಾಂಗದ ರಕ್ಷಾಪುಟದ ಮೇಲೆ ‘ದೃಗ್ಗಣಿತ’ ಎಂಬ ಮಾತನ್ನು ನೀವು ನೋಡಿರಬಹುದು. ದೃಕ್ ಎಂದರೆ ನೋಟ. ಕಣ್ಣಿಗೆ ಕಂಡದ್ದಕ್ಕೆ ತಾಳೆಯಾಗುವ ಗಣಿತ. ಕೇರಳದಲ್ಲಿ ನಿಳಾ ನದಿಯ ಸೀಮೆಯಲ್ಲಿದ್ದ ಪರಮೇಶ್ವರ ಎಂಬ ಗಣಿತಜ್ಞ ದಶಕಗಟ್ಟಲೆ ಗ್ರಹಣಗಳನ್ನು ಕಣ್ಣಾರೆ ನೋಡಿ, ಹಳೆಯ ಲೆಕ್ಕಕ್ಕೂ ಆಕಾಶಕ್ಕೂ ಅಂತರ ಬಿದ್ದಿರುವುದನ್ನು ಕಂಡು, 1431ರಲ್ಲಿ ತಿದ್ದಿದ ಕ್ರಮವನ್ನು ಬರೆದಿಟ್ಟ. ಅದರ ಹೆಸರೇ ‘ದೃಗ್ಗಣಿತ’. ಗುರುಗಳ ಗ್ರಂಥ ಹೇಳಿದ್ದು ಒಂದು, ಆಕಾಶ ತೋರಿಸಿದ್ದು ಇನ್ನೊಂದು ಎಂದಾದಾಗ ಆತ ತಿದ್ದಿದ್ದು ಗ್ರಂಥವನ್ನು. ರಾಶಿಫಲದ ಪುಟಕ್ಕೆ ಇಂಥ ಪರಮೇಶ್ವರ ಯಾರೂ ಬೇಕಾಗಲಿಲ್ಲ, ಯಾಕೆಂದರೆ ಅಲ್ಲಿ ತಪ್ಪು ಕಾಣಿಸಿಕೊಳ್ಳಲು ಜಾಗವೇ ಇರಲಿಲ್ಲ.

ನಮ್ಮ ತರ್ಕಶಾಸ್ತ್ರವನ್ನು ಸ್ವಲ್ಪವಾದರೂ ಕಲಿತವರಿಗೆ ಇದರ ಬೀಜ ಹೊಸದೆನಿಸದು. ಹೊಗೆ ಇದ್ದಲ್ಲಿ ಬೆಂಕಿ ಇದೆ. ಅಡುಗೆಮನೆಯಲ್ಲಿ ನೋಡಿದ್ದೇವೆ, ಯಜ್ಞಶಾಲೆಯಲ್ಲಿ ನೋಡಿದ್ದೇವೆ. ಈ ತಪ್ಪದ ಜೊತೆಯನ್ನು ನೈಯಾಯಿಕರು ವ್ಯಾಪ್ತಿ ಎಂದರು. ಅದನ್ನೇ ತಿರುಗಿಸಿ, ಬೆಂಕಿ ಇದ್ದಲ್ಲಿ ಹೊಗೆ ಇದೆ ಎಂದರೆ ಕಾದು ಕೆಂಪಾದ ಕಬ್ಬಿಣದ ಗುಂಡನ್ನು ಮುಂದಿಟ್ಟು ಬಾಯಿ ಮುಚ್ಚಿಸುತ್ತಿದ್ದರು. ಬೆಂಕಿ ಇದೆ, ಹೊಗೆ ಎಲ್ಲಿ? ಹೀಗೆ ಜೊತೆ ತಪ್ಪುವುದಕ್ಕೆ ಅವರಿಟ್ಟ ಹೆಸರು ವ್ಯಭಿಚಾರ. (ತರ್ಕದ ತರಗತಿಯಲ್ಲಿ ನಾವು ಪಾಪ್ಪರನ ಹೆಸರಿಗಿಂತ ಹೆಚ್ಚು ನಕ್ಕದ್ದು ಈ ಪದಕ್ಕೆ.) ಸಾವಿರ ಅಡುಗೆಮನೆ ನೋಡಿದರೂ ವ್ಯಾಪ್ತಿ ಪೂರಾ ಸಿದ್ಧವಾಗುವುದಿಲ್ಲ ಎಂದು ಚಾರ್ವಾಕರು ಪೀಡಿಸುತ್ತಲೇ ಇದ್ದರು. ಆದರೆ ಒಂದೇ ಒಂದು ಕೆಂಪು ಗುಂಡು ಅದನ್ನು ಮುರಿಯಬಲ್ಲದು. ಹತ್ತಲು ಸಾವಿರ ಮೆಟ್ಟಿಲು, ಬೀಳಲು ಒಂದೇ. ಪಾಪ್ಪರ್ ತನ್ನ ಇಡೀ ಮನೆ ಕಟ್ಟಿದ್ದು ಈ ಅಸಮಾನತೆಯ ಮೇಲೆ.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ಬಿಡಿಸಿಬಿಡುತ್ತೇನೆ. ಸುಳ್ಳಾಗಲಾರದ ಮಾತೆಲ್ಲ ಹುಸಿ, ಹುರುಳಿಲ್ಲದ್ದು ಎಂದು ಪಾಪ್ಪರ್ ಹೇಳಲಿಲ್ಲ. ಅಣುಗಳ ಕಲ್ಪನೆ ಎರಡು ಸಾವಿರ ವರ್ಷ ಯಾವ ಪರೀಕ್ಷೆಗೂ ಸಿಗದೆ ಬದುಕಿತ್ತು, ಆಮೇಲೆ ವಿಜ್ಞಾನವಾಯಿತು. ಹೂವಿನ ಹಡಗಲಿ ಸೀಮೆಯ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಗೊರವಯ್ಯ ಬಿಲ್ಲೇರಿ ಒಂದು ಸಾಲಿನ ಕಾರಣಿಕ ನುಡಿಯುತ್ತಾನೆ. ಲಕ್ಷ ಜನ ಉಸಿರು ಬಿಗಿಹಿಡಿದು ಕೇಳುತ್ತಾರೆ. ಆ ಸಾಲು ಮಳೆಯದೋ, ಬೆಳೆಯದೋ, ರಾಜಕಾರಣದ್ದೋ ಎಂದು ಇಡೀ ವರ್ಷ ಕಟ್ಟೆಯ ಮೇಲೆ ಅರ್ಥ ಬಿಡಿಸುತ್ತಾರೆ. ಅದು ಸುಳ್ಳಾಗಲಾರದ ನುಡಿ, ಮತ್ತು ಅದರ ಸೊಗಸೂ ಅಲ್ಲೇ ಇದೆ. ಅದನ್ನು ಹವಾಮಾನ ಇಲಾಖೆಯ ವರದಿಯ ಪಕ್ಕದಲ್ಲಿಟ್ಟು ಅಂಕ ಕೊಡುವವನು ಎರಡನ್ನೂ ಅರಿಯದವನು. ಹವಾಮಾನ ಇಲಾಖೆಯವರು 1886ರಿಂದ ಮುಂಗಾರಿನ ಮುನ್ಸೂಚನೆ ಕೊಡುತ್ತಿದ್ದಾರೆ. ಈಗಂತೂ ವಾಡಿಕೆಯ ಶೇಕಡಾ ಇಷ್ಟು, ಇಷ್ಟು ಹೆಚ್ಚುಕಮ್ಮಿ ಎಂದು ಅಂಕಿ ಸಮೇತ. ನಾವು ಅವರನ್ನು ಗೇಲಿ ಮಾಡುತ್ತೇವೆ. ಗೇಲಿ ಮಾಡಲು ಬಂದದ್ದು ಅವರು ಅಂಕಿ ಕೊಟ್ಟದ್ದರಿಂದ.

ಇಲ್ಲಿಯವರೆಗೆ ದಾರಿ ಸಲೀಸು. ತೊಡಕು ಶುರುವಾಗುವುದು ಮುಂದೆ. ಸಿದ್ಧಾಂತ ಹೇಳಿದ್ದು ತಪ್ಪಿತು ಅಂತಿಟ್ಟುಕೊಳ್ಳಿ. ಆವತ್ತೇ ಅದನ್ನು ಎತ್ತಿ ಬಿಸಾಡಬೇಕೇ? ಬಿಸಾಡಿದವರು ಯಾರು?

ಯುರೇನಸ್ ಗ್ರಹವನ್ನು ವಿಲಿಯಂ ಹರ್ಷೆಲ್ ಕಂಡದ್ದು 1781ರಲ್ಲಿ. ಅದರ ದಾರಿಯನ್ನು ನ್ಯೂಟನ್ನನ ನಿಯಮದಿಂದ ಲೆಕ್ಕ ಹಾಕಿ ಇಟ್ಟರು. ಕೆಲವು ದಶಕ ಕಳೆಯುವುದರೊಳಗೆ ಗ್ರಹ ಲೆಕ್ಕದ ದಾರಿ ಬಿಟ್ಟು ನಡೆಯತೊಡಗಿತು. ಪಾಪ್ಪರನ ಮಾತನ್ನು ಅಕ್ಷರಶಃ ಹಿಡಿಯುವ ಶಿಷ್ಯ ಅಲ್ಲಿದ್ದಿದ್ದರೆ, ನ್ಯೂಟನ್ ಸುಳ್ಳಾದ ಎಂದು ಡಂಗುರ ಸಾರಬೇಕಿತ್ತು. ಪ್ಯಾರಿಸ್ಸಿನ ಖಗೋಳಜ್ಞ ಲೆವೆರ್ಯೆ ಹಾಗೆ ಮಾಡಲಿಲ್ಲ. ಆತ ಒಂದು ನೆಪ ಹೇಳಿದ: ಆಚೆ ಇನ್ನೊಂದು ಗ್ರಹವಿದೆ, ನಮಗೆ ಕಂಡಿಲ್ಲ, ಅದು ಜಗ್ಗುತ್ತಿದೆ. ನಮ್ಮ ಅಜ್ಜಿಯ ‘ಕಸುವು ಇನ್ನೂ ಹೋಗಿಲ್ಲ’ ಎನ್ನುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಎರಡೂ ಕಾಣದ್ದೊಂದನ್ನು ಮುಂದೆ ಮಾಡಿ ಕಂಡದ್ದನ್ನು ಮರೆಸುವ ಮಾತು. ವ್ಯತ್ಯಾಸ ಇಷ್ಟೇ: ಲೆವೆರ್ಯೆ ತನ್ನ ನೆಪಕ್ಕೆ ವಿಳಾಸ ಬರೆದ. ಆಕಾಶದ ಇಂಥ ಜಾಗದಲ್ಲಿ ನೋಡಿ ಎಂದು ಬರ್ಲಿನ್ನಿನ ಗಾಲೆಗೆ ಕಾಗದ ಹಾಕಿದ. ಕಾಗದ 1846ರ ಸೆಪ್ಟೆಂಬರ್ 23ರಂದು ಮುಟ್ಟಿತು. ಗಾಲೆ ಅದೇ ರಾತ್ರಿ ದೂರದರ್ಶಕ ತಿರುಗಿಸಿದ. ಹೇಳಿದ ಜಾಗದಿಂದ ಒಂದು ಡಿಗ್ರಿಯೂ ಆಚೆಯಿಲ್ಲದೆ ನೆಪ್ಚೂನ್ ಸಿಕ್ಕಿತು.

ಇಷ್ಟು ದೊಡ್ಡ ಗೆಲುವು ಕಂಡವನಿಗೆ ಮುಂದಿನ ಸಲವೂ ಅದೇ ಕೀಲಿ ಹಾಕುವ ಆಸೆ ಆಗದಿರುತ್ತದೆಯೇ. ಬುಧ ಗ್ರಹ ಸೂರ್ಯನಿಗೆ ಅತಿ ಹತ್ತಿರ ಬರುವ ಬಿಂದು ನಿಧಾನವಾಗಿ ಸರಿಯುತ್ತಿರುತ್ತದೆ. ಬೇರೆ ಗ್ರಹಗಳ ಎಳೆತವನ್ನೆಲ್ಲ ಕಳೆದರೂ ನೂರು ವರ್ಷಕ್ಕೆ ಸುಮಾರು 43 ಆರ್ಕ್‌ಸೆಕೆಂಡು ಲೆಕ್ಕಕ್ಕೆ ಸಿಗದೆ ಉಳಿಯುತ್ತಿತ್ತು. (1859ರಲ್ಲಿ ಲೆವೆರ್ಯೆಯ ಕೈಗೆ ಬಂದ ಅಂಕಿ 38.) ಈ ವೇಗದಲ್ಲಿ ಒಂದು ಡಿಗ್ರಿ ಸರಿಯಲು ಎಂಟು ಸಾವಿರ ವರ್ಷ ಬೇಕು. ಅಷ್ಟು ಕೂದಲೆಳೆಯ ತಪ್ಪಿಗೂ ನಿದ್ದೆಗೆಡುವವರು ಅವರು! ಬುಧನಿಗೂ ಸೂರ್ಯನಿಗೂ ನಡುವೆ ಇನ್ನೊಂದು ಗ್ರಹ ಇರಬೇಕು ಎಂದ ಲೆವೆರ್ಯೆ.

ಆ ಡಿಸೆಂಬರಿನಲ್ಲಿ ಫ್ರಾನ್ಸಿನ ಒಂದು ಹಳ್ಳಿಯಿಂದ ವೈದ್ಯನೊಬ್ಬನ ಕಾಗದ ಬಂತು. ಲೆಸ್ಕಾರ್ಬೋ ಅಂತ ಹೆಸರು. ಮಾರ್ಚಿನಲ್ಲಿ ಸೂರ್ಯನ ಮುಖದ ಮೇಲೆ ಕರಿ ಚುಕ್ಕೆಯೊಂದು ಹಾಯ್ದುದನ್ನು ತಾನು ನೋಡಿದ್ದೇನೆ ಎಂದ. ಲೆವೆರ್ಯೆ ಹೇಳದೆ ಕೇಳದೆ ಅವನ ಮನೆಗೇ ಹೋಗಿ ಪೊಲೀಸನಂತೆ ವಿಚಾರಣೆ ಮಾಡಿದ. ವೈದ್ಯನ ಗಡಿಯಾರದಲ್ಲಿ ಸೆಕೆಂಡಿನ ಮುಳ್ಳಿಲ್ಲ, ದಾರಕ್ಕೆ ದಂತದ ಗುಂಡು ಕಟ್ಟಿ ತೂಗಿ ಸೆಕೆಂಡು ಎಣಿಸುತ್ತಿದ್ದ. ಲೆಕ್ಕ ಬರೆಯುತ್ತಿದ್ದುದು ಮರದ ಹಲಗೆಯ ಮೇಲೆ, ಜಾಗ ತುಂಬಿದರೆ ಉಜ್ಜುಗೊರಡಿನಿಂದ ಹೆರೆದು ಹಾಕುತ್ತಿದ್ದ. ಇಂಥ ಸಾಕ್ಷಿಯನ್ನು ನಮ್ಮ ಅಜ್ಜ ಅಂಗಡಿಯ ಉದ್ರಿ ಲೆಕ್ಕಕ್ಕೂ ಒಪ್ಪುತ್ತಿರಲಿಲ್ಲ. ಲೆವೆರ್ಯೆ ಒಪ್ಪಿದ. ಗ್ರಹಕ್ಕೆ ವಲ್ಕನ್ ಎಂದು ಹೆಸರಾಯಿತು, ವೈದ್ಯನಿಗೆ ಫ್ರಾನ್ಸಿನ ದೊಡ್ಡ ಗೌರವ ಪದಕ ಸಿಕ್ಕಿತು. ಆಮೇಲೆ ಹುಡುಕಿದ್ದೇ ಹುಡುಕಿದ್ದು. ಈ ದಿನ ಸೂರ್ಯನ ಮೇಲೆ ಹಾಯುತ್ತದೆ ಎಂದರು, ಹಾಯಲಿಲ್ಲ. 1877ರಲ್ಲಿ ಲೆವೆರ್ಯೆ ತೀರಿಕೊಂಡ. ದಿನಾಂಕ ಸೆಪ್ಟೆಂಬರ್ 23, ನೆಪ್ಚೂನ್ ಸಿಕ್ಕ ದಿನವೇ. ಮರುವರ್ಷದ ಜುಲೈ 29ರಂದು ಅಮೆರಿಕದಲ್ಲಿ ಗ್ರಹಣವಾದಾಗ ಇಬ್ಬರು ಖಗೋಳಜ್ಞರು ವಲ್ಕನ್ ಕಂಡಿತು ಎಂದು ಕೂಗಿದರು. ಪಕ್ಕದಲ್ಲೇ ನೋಡುತ್ತಿದ್ದ ಉಳಿದವರಿಗೆ ಏನೂ ಕಂಡಿರಲಿಲ್ಲ. ಆ ಹೆಸರು ಮೆಲ್ಲಗೆ ಮಸುಕಾಯಿತು. 1915ರ ನವೆಂಬರಿನಲ್ಲಿ ಐನ್‌ಸ್ಟೈನ್ ತನ್ನ ಹೊಸ ಸಮೀಕರಣಗಳಿಂದ ಲೆಕ್ಕ ಹಾಕಿದಾಗ, ಯಾವ ಹೊಸ ಗ್ರಹವನ್ನೂ ಸೇರಿಸದೆ, ಆ 43 ತಾನಾಗಿ ಬಂದು ಬಿತ್ತು.

ಈಗ ಹೇಳಿ. ಒಬ್ಬನೇ ಮನುಷ್ಯ, ಒಂದೇ ಉಪಾಯ. ಯುರೇನಸ್‌ಗೆ ಹಾಕಿದಾಗ ವಿಜ್ಞಾನದ ಮಹಾವಿಜಯ, ಬುಧನಿಗೆ ಹಾಕಿದಾಗ ಐವತ್ತಾರು ವರ್ಷದ ಅಡ್ಡದಾರಿ. ಮೊದಲನೆಯದು ಸರಿ, ಎರಡನೆಯದು ತಪ್ಪು ಎಂದು 1859ರಲ್ಲಿ ನಿಂತು ಹೇಳಲು ಯಾವ ಸೂತ್ರ ಇತ್ತು? ಇರಲಿಲ್ಲ. ಈಗಲೂ ಇಲ್ಲ. ಫ್ರೆಂಚ್ ಭೌತಶಾಸ್ತ್ರಜ್ಞ ಪಿಯೆರ್ ದುಹೆಮ್ 1906ರಲ್ಲೇ ಇದನ್ನು ಗುರುತಿಸಿದ್ದರು. ಪ್ರಯೋಗ ಕೈಕೊಟ್ಟಾಗ ಅದು ‘ತಪ್ಪಿದೆ’ ಎನ್ನುತ್ತದೆಯೇ ಹೊರತು, ಸಿದ್ಧಾಂತ ತಪ್ಪೋ, ಉಪಕರಣ ತಪ್ಪೋ, ನಡುವೆ ಮರೆತ ಊಹೆ ತಪ್ಪೋ ಎಂದು ಬೆರಳಿಟ್ಟು ತೋರಿಸುವುದಿಲ್ಲ. ಸಾರು ಕೆಟ್ಟಿದೆ ಎಂದು ನಾಲಿಗೆಗೆ ಗೊತ್ತು, ಕೆಡಿಸಿದ್ದು ಹುಣಸೆಯೋ ಬೇಳೆಯೋ ಎಂಬುದು ಬೇರೆಯ ವಿಚಾರಣೆ. 1919ರ ಗ್ರಹಣದಲ್ಲೂ ಇದೇ ಕತೆ. ಸೊಬ್ರಾಲಿನ ಒಂದು ದೂರದರ್ಶಕದ ಫಲಕಗಳು 0.93 ಎಂದಿದ್ದವು, ನ್ಯೂಟನ್ನನ ಕಡೆಗೆ. ಬಿಸಿಲಿಗೆ ಅದರ ಕನ್ನಡಿಯ ಫೋಕಸ್ ತಪ್ಪಿತ್ತು ಎಂದು ಅವನ್ನು ಬದಿಗಿಟ್ಟರು. ಅವರ ನಿರ್ಣಯ ಸರಿಯೇ ಇತ್ತು ಎಂದು ನನಗನ್ನಿಸುತ್ತದೆ. ಆದರೆ ಅದು ನಿರ್ಣಯ, ಆಕಾಶವೇ ಬಂದು ರುಜು ಹಾಕಿದ ತೀರ್ಪಲ್ಲ.

ವಿಜ್ಞಾನದ ತತ್ತ್ವಶಾಸ್ತ್ರದವರೇ ಆದ ಥಾಮಸ್ ಕೂನ್ 1962ರಲ್ಲಿ, ಇಮ್ರೆ ಲಕಾಟೋಸ್ ಅದಕ್ಕೆ ಎಂಟು ವರ್ಷ ತಡವಾಗಿ, ಇಂಥ ಇತಿಹಾಸವನ್ನೇ ಹಿಡಿದು ಪಾಪ್ಪರನನ್ನು ಕಾಡಿದರು. ಅವರ ಜಗಳದ ಒಳಗೆ ನಾನು ಹೋಗುವುದಿಲ್ಲ. ಲಕಾಟೋಸನಿಂದ ಒಂದನ್ನು ಮಾತ್ರ ಎತ್ತಿಕೊಳ್ಳುತ್ತೇನೆ, ಅದೂ ನನ್ನ ಮಾತಿನಲ್ಲಿ: ನೆಪ ಹೇಳುವುದು ತಪ್ಪಲ್ಲ, ಹೊಸದೇನನ್ನೂ ಕಾಣಿಸದ ನೆಪಗಳನ್ನು ಒಂದರ ಮೇಲೊಂದು ಪೇರಿಸುತ್ತ ಹೋಗುವುದು ರೋಗದ ಲಕ್ಷಣ. ವಲ್ಕನ್ನಿಗೂ ವಿಳಾಸ ಇತ್ತು ಎಂಬುದನ್ನು ಮರೆಯಬಾರದು. ವಿಳಾಸ ಇದ್ದದ್ದರಿಂದಲೇ ಹೋಗಿ ಕದ ತಟ್ಟಲು ಬಂತು, ಒಳಗೆ ಯಾರೂ ಇಲ್ಲ ಎಂದು ತಿಳಿಯಿತು. ಅಜ್ಜಿ ಅಂದು, ‘ಗ್ರಹಣದ ಕಸುವು ಮೂರು ದಿನ ಇರತದ, ನಾಕನೇ ದಿನ ನಿಲ್ಲೂದಿಲ್ಲ’ ಎಂದಿದ್ದರೆ ಆಕೆಯೂ ಆ ಹೊತ್ತಿಗೆ ಲೆವೆರ್ಯೆಯ ಸಾಲಿನಲ್ಲೇ ನಿಂತಿರುತ್ತಿದ್ದಳು.

ನಮ್ಮ ಕಾಲದ, ನಮ್ಮ ನೆರೆಯ ಒಂದು ಉದಾಹರಣೆ ಹೇಳಬೇಕು. 2008ರಲ್ಲಿ ಪುಣೆಯಲ್ಲಿ ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಮತ್ತು ಜೊತೆಯವರು, ಮಹಾರಾಷ್ಟ್ರ ಅಂಧಶ್ರದ್ಧಾ ನಿರ್ಮೂಲನ ಸಮಿತಿಯೂ ಕೈಗೂಡಿಸಿ, ಜ್ಯೋತಿಷ್ಯಕ್ಕೆ ಒಂದು ಪರೀಕ್ಷೆ ಇಟ್ಟರು. ಓದಿನಲ್ಲಿ ಚುರುಕಾದ ನೂರು ಮಕ್ಕಳ ಕುಂಡಲಿ, ಬುದ್ಧಿಮಾಂದ್ಯವಿರುವ ನೂರು ಮಕ್ಕಳ ಕುಂಡಲಿ. ಕಲಸಿ, ಒಬ್ಬೊಬ್ಬ ಜ್ಯೋತಿಷಿಗೆ ನಲವತ್ತರಂತೆ ಕೊಟ್ಟು, ಯಾವುದು ಯಾರದೆಂದು ವಿಂಗಡಿಸಲು ಕೇಳಿದರು. ಕಣ್ಣು ಮುಚ್ಚಿ ಹೇಳಿದರೂ ಸರಾಸರಿ ಇಪ್ಪತ್ತು ಸರಿ ಬರಬೇಕು. ತೇರ್ಗಡೆಗೆ ಇಪ್ಪತ್ತೆಂಟು ಎಂದು ಮೊದಲೇ ಗೆರೆ ಎಳೆದಿದ್ದರು. ಕುಂಡಲಿ ಪಡೆದವರು 51 ಮಂದಿ, ಉತ್ತರ ಕಳಿಸಿದವರು 27. ಅತಿ ಹೆಚ್ಚು ಸರಿ ಹೇಳಿದವರದು 24. ಎಲ್ಲರ ಸರಾಸರಿ ಹದಿನೇಳು ಚಿಲ್ಲರೆ. ಇನ್ನೂರನ್ನೂ ತೆಗೆದುಕೊಂಡ ಒಂದು ಸಂಸ್ಥೆ 102 ಸರಿ ಹೇಳಿತು, ನಾಣ್ಯ ಚಿಮ್ಮಿದ ಹಾಗೆ. ಆ 27 ಮಂದಿಯ ಬಗ್ಗೆ ನನಗೆ ಗೌರವವಿದೆ. ಅವರು ಒಂದು ಮಧ್ಯಾಹ್ನದ ಮಟ್ಟಿಗಾದರೂ ತಮ್ಮ ಶಾಸ್ತ್ರವನ್ನು ಲೆಕ್ಕದ ಪುಟಕ್ಕೆ ತಂದು ಇಟ್ಟರು.

ಆದರೆ ನಾರ್ಳೀಕರರ ಕತೆಗೆ ಇನ್ನೊಂದು ಮಗ್ಗುಲಿದೆ. ಅವರು ಕೇಂಬ್ರಿಜಿನಲ್ಲಿ ಫ್ರೆಡ್ ಹಾಯ್ಲರ ಶಿಷ್ಯ. ವಿಶ್ವಕ್ಕೆ ಆದಿಯಿಲ್ಲ, ಅದು ಯಾವ ಕಾಲದಲ್ಲಿ ನೋಡಿದರೂ ಹೀಗೆಯೇ ಇರುತ್ತದೆ ಎಂಬ ಸ್ಥಿರಸ್ಥಿತಿ ಸಿದ್ಧಾಂತವನ್ನು 1948ರಲ್ಲಿ ಮುಂದಿಟ್ಟವರು ಹಾಯ್ಲ್, ಬಾಂಡಿ ಮತ್ತು ಗೋಲ್ಡ್. ಅದು ಬಹಳ ಧೈರ್ಯದ, ಸುಲಭವಾಗಿ ಸುಳ್ಳಾಗಬಲ್ಲ ಮಾತು. ದೂರ ನೋಡಿದಷ್ಟೂ ಹಳೆಯ ಕಾಲ ಕಾಣುತ್ತದೆ, ಅಲ್ಲಿ ಬೇರೆ ತರಹದ ವಿಶ್ವ ಕಂಡರೆ ಸಿದ್ಧಾಂತ ಬಿತ್ತು. ರೇಡಿಯೋ ಆಕರಗಳ ಎಣಿಕೆ ಅದಕ್ಕೆ ಏಟು ಕೊಟ್ಟಿತು. 1965ರಲ್ಲಿ ಪೆಂಜಿಯಸ್ ಮತ್ತು ವಿಲ್ಸನ್ ಆಕಾಶದ ಎಲ್ಲ ದಿಕ್ಕಿನಿಂದಲೂ ಬರುವ ಕ್ಷೀಣ ವಿಕಿರಣವನ್ನು ಕಂಡುಹಿಡಿದ ಮೇಲೆ ಹೆಚ್ಚಿನವರು ಕೈಬಿಟ್ಟರು. ಹಾಯ್ಲ್ ಮತ್ತು ನಾರ್ಳೀಕರ್ ಬಿಡಲಿಲ್ಲ. 1993ರಲ್ಲಿ ಜೆಫ್ರಿ ಬರ್ಬಿಜ್ ಜೊತೆ ಸೇರಿ, ಸಿದ್ಧಾಂತಕ್ಕೆ ತಿದ್ದುಪಡಿ ಮಾಡಿ, ಮತ್ತೆ ನಿಲ್ಲಿಸಲು ನೋಡಿದರು. ಕುಂಡಲಿಗೆ ಪರೀಕ್ಷೆ ಇಟ್ಟ ಅದೇ ಕೈ. ಇದನ್ನು ಹಂಗಿಸಲು ಹೇಳುತ್ತಿಲ್ಲ. ಅವರ ತಿದ್ದುಪಡಿಗಳಲ್ಲಿ ಅಂಕಿಗಳಿದ್ದವು, ಯಾರು ಬೇಕಾದರೂ ಹೋಗಿ ನೋಡಬಹುದಾಗಿತ್ತು, ಬಹಳ ಜನ ನೋಡಿದರು, ಒಪ್ಪಲಿಲ್ಲ. ಮೊದಲ ಏಟಿಗೇ ಮಕ್ಕಳನ್ನು ಬೀದಿಗೆ ಬಿಡುವ ತಂದೆಯಂತೆ ವಿಜ್ಞಾನಿ ಇರಲಾರ. ಯಾರೋ ಒಬ್ಬರು ಹಟ ಹಿಡಿಯದಿದ್ದರೆ ಒಳ್ಳೆಯ ಸಿದ್ಧಾಂತಗಳೂ ಎಳೆತನದಲ್ಲೇ ಸತ್ತುಹೋಗುತ್ತಿದ್ದವು. ಪಾಪ್ಪರನೇ ಡಾರ್ವಿನ್ನನ ವಿಕಾಸವಾದ ನಿಜವಾಗಿ ಪರೀಕ್ಷೆಗೆ ಸಿಗುವ ಸಿದ್ಧಾಂತವಲ್ಲ ಎಂದು ಬಹಳ ಕಾಲ ಹೇಳಿಕೊಂಡು ಬಂದು, 1977ರಲ್ಲಿ ಕೇಂಬ್ರಿಜಿನ ಉಪನ್ಯಾಸವೊಂದರಲ್ಲಿ ಆ ಮಾತನ್ನು ಹಿಂದಕ್ಕೆ ಪಡೆದ. ಎಪ್ಪತ್ತೈದರ ಮುದುಕ ಸಭೆಯಲ್ಲಿ ನಿಂತು ನಾನು ತಪ್ಪಿದ್ದೆ ಎನ್ನುವುದು, ನನ್ನ ಕಣ್ಣಿಗೆ, ಆತನ ಪುಸ್ತಕಗಳಿಗಿಂತ ದೊಡ್ಡದು.

ಕಾಕುವಿನ ಕತೆ ಉಳಿಯಿತು. ಆ ಏಪ್ರಿಲಿನಲ್ಲಿ ಆಕೆಗೆ ಹೆಣ್ಣು ಮಗು ಹುಟ್ಟಿತು. ತುಟಿ, ಕೈಕಾಲು, ಎಲ್ಲ ನೆಟ್ಟಗೆ. ಒಳಕೋಣೆಯಲ್ಲಿ ಕೂತಿದ್ದಕ್ಕೆ ಒಳ್ಳೆಯದಾಯಿತು ಎಂದರು. ಓಣಿಯ ತುದಿಯ ಮನೆಯಾಕೆಯೂ ಆಗ ಬಸುರಿ. ಗ್ರಹಣದ ಹೊತ್ತಿನಲ್ಲಿ ಹೊಲದಲ್ಲಿ ಜೋಳ ಕೊಯ್ಯುತ್ತಿದ್ದಳು. ಅವಳ ಮಗುವೂ ನೆಟ್ಟಗೇ ಹುಟ್ಟಿತು. “ಆಕಿ ದೈವ ಚಲೋ ಇತ್ತು,” ಎಂದಳು ಅಜ್ಜಿ.

ಗ್ರಹಣದ ಕೂಸು ಎಂದೇ ಎಲ್ಲರೂ ಕರೆಯುತ್ತಿದ್ದ ಕಾಕುವಿನ ಮಗಳು, ನನ್ನ ತಂಗಿ, ಬೆಳೆದಳು, ವಿಜ್ಞಾನ ಓದಿದಳು, ಶಾಲೆಯಲ್ಲಿ ಮಕ್ಕಳಿಗೆ ಸೌರಮಂಡಲ ಕಲಿಸಿದಳು. 2010ರ ಜನವರಿ 15ರಂದು ಮತ್ತೆ ಸೂರ್ಯಗ್ರಹಣ. ದಕ್ಷಿಣ ತುದಿಯಲ್ಲಿ ಕಂಕಣ, ಹುಬ್ಬಳ್ಳಿಯಲ್ಲಿ ಪಾರ್ಶ್ವ. ತಂಗಿ ಆಗ ಆರು ತಿಂಗಳ ಬಸುರಿ, ತವರಿಗೆ ಬಂದಿದ್ದಳು. ನಾನು ಬೆಂಗಳೂರಿನಿಂದ ಫೋನು ಮಾಡಿ, ಕನ್ನಡಕ ತರಿಸಿಕೊಂಡಿದ್ದೀಯಾ ಎಂದು ಕೇಳಿದೆ. ಇಲ್ಲ, ಒಳಗ ಕೂತೇನಿ ಎಂದಳು. ನಾನು ಸುಮ್ಮನಿರಲಾರದೆ ಪಾಠ ಶುರು ಮಾಡಿದೆ. ಒನಕೆ, ಓಣಿ ತುದಿಯಾಕೆ, ಪಾಪ್ಪರ್. ಅವಳು ಅಷ್ಟನ್ನೂ ಕೇಳಿಸಿಕೊಂಡು ಹೇಳಿದಳು:

“ಅಣ್ಣಾ, ಸುಳ್ಳಂತ ನನಗೂ ಗೊತ್ತೈತಿ. ಆದ್ರ ಪರೀಕ್ಷಾ ಮಾಡಾಕ ನನ್ನ ಕೂಸೇ ಬೇಕೇನು?”

ಫೋನಿನ ಎರಡೂ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವಳೇ ದನಿ ತಗ್ಗಿಸಿ, “ಒಂದು ಮಾತು, ಅವ್ವಗ ಹೇಳಬ್ಯಾಡ,” ಎಂದಳು. ಕಿಟಕಿ ಕದ ಎಲ್ಲ ಹಾಕಿದ್ದರಂತೆ. ಆದರೆ ಹಳೆಯ ಮನೆ, ಮಾಡಿನ ಹೆಂಚೊಂದರಲ್ಲಿ ಸಣ್ಣ ತೂತು. ಅದರಿಂದ ಬಿದ್ದ ಬಿಸಿಲಿನ ಚುಕ್ಕೆ ದಿನವೂ ದುಂಡಗೆ ಇರುವುದು, ಅಂದು ನೆಲದ ಮೇಲೆ ಕುಡುಗೋಲಿನಂತೆ ಬಾಗಿ ನಿಂತಿತ್ತು. ಅವಳು ಅದರ ಕೆಳಗೆ ಒಂದು ಬಿಳಿ ಹಾಳೆ ಹಿಡಿದು, ಅದು ಸಣ್ಣಗಾಗುವುದನ್ನೂ ಮತ್ತೆ ದುಂಡಗಾಗುವುದನ್ನೂ ಗಡಿಯಾರ ನೋಡಿ ಬರೆದುಕೊಳ್ಳುತ್ತಿದ್ದಳು.